ಟಬ್ಬಿನ ಕಪ್ಲಿಂಗ್ ಬದಲಿಸುವವರಿಗೆ ನಾಲ್ಕು ಮಾತು

ಈಗಿನ ಹುಡುಗರ ಕೈಗೆ ಸಿಲಿಕಾನ್ ಅಂತ ಒಂದು ಅಂಟು ಸಿಕ್ಕಿದೆ. ಎಲ್ಲಿ ಸೋರಿದರೂ ಅದೇ ಮದ್ದು. ನಿಲ್ಲದಿದ್ದರೆ ಅದರ ಮೇಲೆ ಇನ್ನಷ್ಟು! ಕದ್ರಿಯ ಫ್ಲ್ಯಾಟಿನಲ್ಲಿ ನನ್ನ ತಂಗಿಯ ಮಗ ಬಾತ್‌ಟಬ್ಬಿನ ವೇಸ್ಟ್ ಕಪ್ಲಿಂಗ್, ಅಂದರೆ ನೀರು ಹೋಗುವ ತೂತಿಗೆ ಕೂರಿಸುವ ಬಿಲ್ಲೆ, ತಾನೇ ಹಾಕಿದ. ಹಾಕಿದ ಅಂದ್ರೆ ಸುತ್ತ ಮೆತ್ತಿದ. ಕೆಳಗಿನ ಮನೆಯ ಸೀಲಿಂಗ್‌ನಲ್ಲಿ ಕಲೆ ಬಿತ್ತು. ಥ್ರೆಡ್, ಅಂದರೆ ತಿರುಪಿನ ಗೆರೆ, ಓರೆಯಾಗಿ ಕೂತಿದ್ದರೆ ಮೇಲಿಂದ ಎಷ್ಟು ಬಳಿದು ಎಂತ ಪ್ರಯೋಜನ ಮಾರಾಯ್ರೇ?

ಹಳೆಯದನ್ನು ಬಿಚ್ಚುವುದು ದೊಡ್ಡ ಕೆಲಸ ಅಲ್ಲ. ಮುಚ್ಚಳ ತೆಗೆದರೆ ಒಳಗೆ ಅಡ್ಡಪಟ್ಟಿ ಕಾಣುತ್ತದೆ. ಪ್ಲೇಯರಿನ ಎರಡು ಹಿಡಿಗಳನ್ನು ಅದರ ಸಂದಿಗೆ ಇಳಿಸಿ, ಹಿಡಿಗಳ ನಡುವೆ ಸ್ಕ್ರೂಡ್ರೈವರ್ ತೂರಿಸಿ ಎಡಕ್ಕೆ ತಿರುಗಿಸಿ. ಬಿಚ್ಚಿದ್ದನ್ನು ಚೀಲಕ್ಕೆ ಹಾಕಿಕೊಂಡೇ ಅಂಗಡಿಗೆ ಹೋಗಿ. ಒಂದೂವರೆ ಇಂಚು ಅಂತ ಬಾಯಲ್ಲಿ ಹೇಳಿದರೆ ಸಾಲದು, ಥ್ರೆಡ್ಡಿನಲ್ಲೂ ವ್ಯತ್ಯಾಸ ಉಂಟು.

ಕೂರುವ ಜಾಗ ಚೊಕ್ಕ ಆಗಬೇಕು. ಹಳೆ ಅಂಟು ತೆಗೆಯಲು ಚಾಕು ಬೇಡ, ಅವಧಿ ಮುಗಿದ ಎಟಿಎಂ ಕಾರ್ಡಿನ ಅಂಚು ಸಾಕು. ಹಾಂ, ಬಾವಿ ನೀರಿನ ಕೆಂಪು ಕಲೆ ಕಂಡಿತೆಂದು ಹೊಸ ಕಪ್ಲಿಂಗಿಗೆ ಹುಳಿ ತಿಕ್ಕಬೇಡಿ. ಬಿಂಬುಳಿ ಹಿಂಡಿ ಉಪ್ಪು ಸೇರಿಸಿ ತಿಕ್ಕುವುದು ತಾಮ್ರದ ಹಂಡೆಗೆ ಸರಿ, ಕ್ರೋಮಿನ ಹೊಳಪಿಗಲ್ಲ. ಹಂಡೆಯನ್ನೂ ತಿಕ್ಕಿದ ಮೇಲೆ ತಕ್ಷಣ ತೊಳೆದು ಒರೆಸಿ. ಹಾಗೇ ಬಿಟ್ಟರೆ ಮತ್ತೆ ಕಪ್ಪಾಗುತ್ತದೆ.

ಈಗ ನಾನು ಯಾರು ಏನೇ ಹೇಳಿದರೂ ಬಿಡದ ಕ್ರಮ. ಒಬ್ಬರು ಟಬ್ಬಿನ ಕೆಳಗಿನ ಬೆಂಡ್ ಪೈಪನ್ನು ವಾಷರ್ ಸಮೇತ ಮೇಲಕ್ಕೆ ಒತ್ತಿ ಹಿಡಿಯಲಿ. ನೀವು ಮೇಲಿಂದ ಕಪ್ಲಿಂಗ್ ಇಳಿಸಿ. ಸಿಲಿಕಾನ್ ಇನ್ನೂ ಮುಟ್ಟಬೇಡಿ, ಇದು ಒಣ ಕೈಯ ಅಭ್ಯಾಸ. ಸೀದಾ ಬಲಕ್ಕೆ ತಿರುಗಿಸಬೇಡಿ. ಮೊದಲು ಎಡಕ್ಕೆ, ಬಿಚ್ಚುವ ಕಡೆಗೇ, ಮೆಲ್ಲ ತಿರುಗಿಸಿ. ಬೆರಳಿನ ತುದಿಗೆ ಗಮನ ಇರಲಿ, ಮೊಬೈಲಿಗಲ್ಲ. ಒಂದು ಕಡೆ ‘ಟಕ್’ ಅಂತ ಸಣ್ಣದಾಗಿ ಕೆಳಗಿಳಿದ ಹಾಗೆ ಆಗುತ್ತದೆ. ಎರಡು ಥ್ರೆಡ್ಡುಗಳ ಬಾಯಿ ಸೇರುವುದು ಅಲ್ಲೇ. ಅಲ್ಲಿಂದ ಬಲಕ್ಕೆ ತಿರುಗಿಸಿ. ಉಪ್ಪಿನಕಾಯಿ ಬಾಟಲಿಯ ಮುಚ್ಚಳ ಕೂರಿಸಿದಷ್ಟು ಸಲೀಸಾಗಿ ಹೋಗಬೇಕು. ಎರಡು ಸುತ್ತಿಗೇ ಬಿಗಿ ಹಿಡಿದರೆ ಬಲ ಹಾಕಬೇಡಿ, ಬಿಚ್ಚಿ, ಮತ್ತೆ ಎಡಕ್ಕೆ ತಿರುಗಿಸಿ ಆ ‘ಟಕ್’ ಹುಡುಕಿ. ಕೈ ಅದನ್ನು ಕಲಿತ ಮೇಲೆ ಪೂರ್ತಿ ಬಿಚ್ಚಿ, ಕಪ್ಲಿಂಗಿನ ಅಂಚಿನ ಅಡಿಗೆ ತೆಳ್ಳಗೆ ಒಂದೇ ಸುತ್ತು ಸಿಲಿಕಾನ್ ಹಾಕಿ, ಹಾಗೇ ಕೂರಿಸಿ. ಕೆಳಗಿನ ರಬ್ಬರ್ ವಾಷರಿಗೆ ಏನೂ ಬಳಿಯಬೇಡಿ. ಕೈಯಲ್ಲಿ ಬಿಗಿದ ಮೇಲೆ ಪ್ಲೇಯರಿನಲ್ಲಿ ಚೂರು, ಅಷ್ಟೇ. ಶೌರ್ಯ ತೋರಿಸಲು ಹೋದರೆ ಅಕ್ರಿಲಿಕ್ ಟಬ್ ಬಿರುಕು ಬಿಡುತ್ತದೆ. ಹೊರಗೆ ಬಂದ ಸಿಲಿಕಾನನ್ನು ಆಗಲೇ ಒರೆಸಿ.

ನಾವು ಸಣ್ಣವರಿರುವಾಗ ಈ ತಲೆಬಿಸಿಯೇ ಇರಲಿಲ್ಲ. ದೀಪಾವಳಿಗೆ ನೀರು ತುಂಬುವ ದಿನ ಹಂಡೆಗೆ ಹಿಂಡ್ಲೆಕಾಯಿ ಬಳ್ಳಿ ಸುತ್ತುತ್ತಿದ್ದರು. ಮಿಂದ ನೀರು ಬಚ್ಚಲಿನ ತೂತಿನಿಂದ ಸೀದಾ ಬಸಳೆ ಚಪ್ಪರದ ಬುಡಕ್ಕೆ. ಸೋರಿದರೆ ಬಸಳೆಗೇ ಲಾಭ.

ನಮ್ಮ ಮಳೆಗಾಲದಲ್ಲಿ ಈ ಕೆಲಸ ಮಾಡುವವರು ಜಾಗವನ್ನು ಬಟ್ಟೆಯಲ್ಲಿ ಒರೆಸಿ, ಫ್ಯಾನ್ ಹಾಕಿ ಒಣಗಿಸಿ. ಒದ್ದೆ ಮೈಗೆ ಸಿಲಿಕಾನ್ ಅಂಟುವುದಿಲ್ಲ. ಹಾಕಿದ ಮೇಲೆ ಒಂದಿಡೀ ದಿನ ಟಬ್ಬಿಗೆ ನೀರು ಬೇಡ.

ಮತ್ತೆ ಪರೀಕ್ಷೆ. ಎಲ್ಲರೂ ಟಬ್ ತುಂಬಿಸಿ, ಸ್ವಲ್ಪ ಹೊತ್ತು ನೋಡಿ, ಸೋರಲಿಲ್ಲ ಅಂತ ಎದ್ದು ಹೋಗುತ್ತಾರೆ. ಮುಚ್ಚಳ ಹಾಕಿದ್ದರೆ ಕೆಳಗಿನ ಜಾಯಿಂಟಿಗೆ ನೀರೇ ತಲುಪಿರುವುದಿಲ್ಲ, ಅಲ್ವಾ? ಟಬ್ಬಿನ ಅಡಿಗೆ ಹಳೆ ಪೇಪರ್ ಹಾಸಿ. ಮುಚ್ಚಳ ತೆಗೆದು ತುಂಬಿದ ನೀರನ್ನು ಒಮ್ಮೆಗೇ ಬಿಡಿ. ಪೇಪರಿನಲ್ಲಿ ಒಂದು ಹನಿ ಬಿದ್ದರೂ ಗೊತ್ತಾಗುತ್ತದೆ. ಬಿದ್ದಿದ್ದರೆ ವಾಷರ್ ಸರಿದಿದೆಯಾ ನೋಡಿ. ಅಲ್ಲಿಗೂ ಸಿಲಿಕಾನ್ ಹಿಡಿದುಕೊಂಡು ಓಡಬೇಡಿ.