ಹುತ್ತದ ಮಣ್ಣು, ಬಿಲದ ಬಾಯಿ: ಹಟ್ಟಿ–ಮಸ್ಕಿ ಪಟ್ಟಿಯಲ್ಲಿ ಚಿನ್ನ ಅರಸಿದ ನನ್ನ ಅನುಭವ

ಚಿನ್ನದ ಅನ್ವೇಷಣೆಯಲ್ಲಿ ನಾನು ಕಳೆದ ವರ್ಷಗಳಲ್ಲಿ ಬಹುಪಾಲು ರಾಯಚೂರು ಜಿಲ್ಲೆಯ ಹಟ್ಟಿ–ಮಸ್ಕಿ ಶಿಲಾಪಟ್ಟಿಯಲ್ಲೇ ಕಳೆದವು. ಅಲ್ಲಿನ ತೊಡಕು ಕಲ್ಲಿನದಲ್ಲ, ಮಣ್ಣಿನದು. ಚಿನ್ನ ಹೊತ್ತ ಬೆಣಚುಕಲ್ಲಿನ ಎಳೆಗಳು ಕೆಲವೆಡೆ ನೆಲದ ಮೇಲೆ ತಲೆಯೆತ್ತಿ ನಿಂತಿದ್ದರೂ ಅವನ್ನು ನಮ್ಮ ಹಿಂದಿನವರು ಎಂದೋ ಕಂಡು ಅಗೆದಿದ್ದಾರೆ. ಉಳಿದಿರುವುದೆಲ್ಲ ಎರೆ ಮತ್ತು ಮಸಾರಿ ಮಣ್ಣಿನ ಕೆಳಗಿದೆ. ಪ್ರತಿ ಹೊಲದಲ್ಲೂ ಗುಂಡಿ ತೋಡಲು ಹಣವೂ ಇರುವುದಿಲ್ಲ, ರೈತರ ಒಪ್ಪಿಗೆಯೂ ಸಿಗುವುದಿಲ್ಲ. ಹೀಗಾಗಿ, ಆಗಲೇ ಗುಂಡಿ ತೋಡಿಟ್ಟವರು ಯಾರಿದ್ದಾರೆ ಎಂದು ನೋಡುವ ಅಭ್ಯಾಸ ನನಗೆ ಬಂತು. ಗೆದ್ದಲು, ಇರುವೆ, ಇಲಿ, ಮುಳ್ಳುಹಂದಿ, ಇವೆಲ್ಲ ಆ ಕೆಲಸವನ್ನು ನಮಗಿಂತ ಮೊದಲೇ ಮಾಡಿ ಮುಗಿಸಿರುತ್ತವೆ.

ಈ ಯೋಚನೆ ಹೊಸದೇನಲ್ಲ. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಅಂತರ್ಜಲದ ಕುರುಹುಗಳನ್ನು ಹೇಳುವಾಗ ಹುತ್ತಗಳನ್ನು ಮತ್ತೆ ಮತ್ತೆ ಹೆಸರಿಸಿದ್ದಾನೆ. ಆಫ್ರಿಕದ ಕಲಹರಿ ಮರಳಿನ ಪ್ರದೇಶದಲ್ಲಿ 1970ರ ದಶಕದ ಆರಂಭದಲ್ಲೇ ಹುತ್ತದ ಮಣ್ಣಿನಲ್ಲಿ ಚಿನ್ನದ ಅಂಶವನ್ನು ಅಳೆದಿದ್ದರು. ಪಶ್ಚಿಮ ಆಸ್ಟ್ರೇಲಿಯದಲ್ಲಿ ಅಲ್ಲಿನ ಸಿಎಸ್‌ಐಆರ್‌ಒ ಸಂಸ್ಥೆಯ ವಿಜ್ಞಾನಿಗಳೂ ಗೆದ್ದಲಿನ ಗೂಡುಗಳಲ್ಲಿ ಚಿನ್ನವನ್ನು ಗುರುತಿಸಿದರು. ಆದರೆ ಓದಿದ್ದು ಬೇರೆ, ಲಿಂಗಸುಗೂರಿನ ಬಿಸಿಲಿನಲ್ಲಿ ನಿಂತು ಯಾವ ಹುತ್ತದಿಂದ, ಎಷ್ಟು ಎತ್ತರದಿಂದ, ಎಷ್ಟು ಮಣ್ಣು ತೆಗೆಯಬೇಕೆಂದು ನಿರ್ಧರಿಸುವುದು ಬೇರೆ.

ಮೊದಲು ಬಿಲಗಳ ಮಾತು. ಬಿಲದ ಬಾಯಲ್ಲಿ ಬಿದ್ದಿರುವ ಮಣ್ಣು ಚಿನ್ನದ ವಿಷಯವನ್ನು ಹೇಳುವುದಿಲ್ಲ, ಕೆಳಗಿನ ಕಲ್ಲಿನ ವಿಷಯವನ್ನು ಹೇಳುತ್ತದೆ. ಎರೆ ಹೊಲದ ಬದುವಿನಲ್ಲಿ ಇಲಿಗಳು ಹೊರಹಾಕಿದ ಕಪ್ಪು ಮಣ್ಣಿನ ನಡುವೆ ಸುಣ್ಣದ ಹರಳುಗಳಷ್ಟೇ ಇದ್ದರೆ ಕಲ್ಲು ಇನ್ನೂ ಆಳದಲ್ಲಿದೆ ಎಂದು ನಾನು ಮುಂದೆ ನಡೆಯುತ್ತಿದ್ದೆ. ಹಸಿರುಗಪ್ಪು ಶಿಲೆಯ ಚೂರುಗಳು, ತುಕ್ಕು ಹಿಡಿದಂತಹ ಬೆಣಚುಕಲ್ಲಿನ ಹರಳುಗಳು ಕಂಡರೆ ಮಾತ್ರ ಕುಳಿತು ಭೂತಗನ್ನಡಿಯಲ್ಲಿ ನೋಡುತ್ತಿದ್ದೆ. ಬೆಣಚಿನ ಮೇಲೆ ಚೌಕಾಕಾರದ ಸಣ್ಣ ಸಣ್ಣ ಗುಳಿಗಳಿದ್ದು ಒಳಗೆ ಕಂದು ಪುಡಿ ತುಂಬಿದ್ದರೆ, ಅಲ್ಲಿ ಹಿಂದೆ ಗಂಧಕದ ಖನಿಜವಿದ್ದು ಕರಗಿಹೋಗಿದೆ ಎಂದು ಅರ್ಥ. ಇರುವೆಗಳು ಗೂಡಿನ ಸುತ್ತ ಬಳೆಯಂತೆ ಪೇರಿಸುವ ಗರಸನ್ನೂ ಹೀಗೆಯೇ ಅಂಗೈಗೆ ಸುರಿದುಕೊಂಡು ನೋಡಬಹುದು. ಯಾವ ಬಿಲಕ್ಕೂ ನಾನು ಕೈ ಹಾಕಿದವನಲ್ಲ, ಅಗೆಸಿದವನೂ ಅಲ್ಲ. ಹೊರಗೆ ಬಿದ್ದದ್ದು ನಮಗೆ ಸಾಕು. ಒಳಗೆ ನಾಗರಹಾವು ಇರಬಹುದು, ಮುಳ್ಳುಹಂದಿ ಮರಿ ಹಾಕಿರಬಹುದು.

ಹುತ್ತದ ವಿಚಾರ ಇದಕ್ಕಿಂತ ಸೂಕ್ಷ್ಮವಾದದ್ದು. ಗೆದ್ದಲು ತನ್ನ ಬಾಯಲ್ಲಿ ಹಿಡಿಯುವಷ್ಟು ಸಣ್ಣ ಕಣವನ್ನು ಮಾತ್ರ ಹೊರುತ್ತದೆ. ಹಸಿ ಮಣ್ಣನ್ನು ಅರಸಿ ಅದು ಕೆಳಕ್ಕೆ ಇಳಿದಷ್ಟೂ ಅಲ್ಲಿನ ಜೇಡಿ ಮೇಲಕ್ಕೆ ಬಂದು ಹುತ್ತದ ಗೋಡೆಯಾಗುತ್ತದೆ. ಆದ್ದರಿಂದ ಹುತ್ತದ ಮಣ್ಣನ್ನು ಮರಿಗೆಯಲ್ಲಿ ತೊಳೆದು ಚಿನ್ನದ ಹೊಳಪು ಕಾಣಲಿಲ್ಲವೆಂದು ಕೈಬಿಡುವುದು ತಪ್ಪು. ಅಲ್ಲಿರುವುದು ಕಣ್ಣಿಗೆ ಕಾಣದ ಚಿನ್ನ, ಅದನ್ನು ಪ್ರಯೋಗಶಾಲೆಯೇ ಹೇಳಬೇಕು. ಅಳತೆ ಪಿಪಿಬಿಯಲ್ಲಿ ಬರುತ್ತದೆ, ಅಂದರೆ ನೂರು ಕೋಟಿ ಭಾಗದಲ್ಲಿ ಒಂದು ಭಾಗ. ಒಂದು ಟನ್ ಮಣ್ಣಿಗೆ ಒಂದು ಮಿಲಿಗ್ರಾಂ ಎಂದುಕೊಂಡರೆ ಅದರ ಸಣ್ಣತನ ತಿಳಿಯುತ್ತದೆ. ಇಷ್ಟು ಸಣ್ಣ ಅಳತೆಯಲ್ಲಿ ಬೆರಳಿನ ಉಂಗುರ ತಾಗಿದರೂ ಮಾದರಿ ಕೆಡುತ್ತದೆ. ನನ್ನ ಜೊತೆ ಬರುತ್ತಿದ್ದ ಹುಡುಗರೆಲ್ಲ ಬೆಳಗ್ಗೆ ಉಂಗುರ, ಸರಗಳನ್ನು ಬಿಚ್ಚಿಟ್ಟು ಬರಬೇಕಿತ್ತು; ಹೊಸದಾಗಿ ಮದುವೆಯಾದವನಿಗೂ ನಾನು ವಿನಾಯಿತಿ ಕೊಡಲಿಲ್ಲ.

ಹುತ್ತದ ಹೊರಮೈಯನ್ನು ಎರಡು ಮೂರು ಅಂಗುಲ ಕೆರೆದು ತೆಗೆದು, ಗಾಳಿಗೆ ಬಂದು ಕೂತ ದೂಳನ್ನು ದೂರ ಮಾಡಿ, ಸೊಂಟದ ಎತ್ತರದಲ್ಲಿ ನಾಲ್ಕು ದಿಕ್ಕಿನಿಂದಲೂ ಸೇರಿಸಿ ಸುಮಾರು ಎರಡು ಕಿಲೋ ಮಣ್ಣನ್ನು ಬಟ್ಟೆಯ ಚೀಲಕ್ಕೆ ತುಂಬುತ್ತಿದ್ದೆವು. ಗೆದ್ದಲುಗಳು ತಮ್ಮ ಆಹಾರಕ್ಕೆಂದು ಒಳಗೆ ಬೆಳೆಸುವ ಸ್ಪಂಜಿನಂತಹ ಅಣಬೆ ತೋಟದವರೆಗೆ ಹೋಗುತ್ತಿರಲಿಲ್ಲ. ಗೋಡೆ ಕೆರೆದ ಜಾಗವನ್ನು ಅವು ಮತ್ತೆ ಮೆತ್ತಿಕೊಳ್ಳುತ್ತವೆ, ತೋಟ ಹಾಳಾದರೆ ಗೂಡೇ ಹಾಳಾಗಬಹುದು. ಆ ಮಣ್ಣನ್ನು ನೆರಳಿನಲ್ಲಿ ಒಣಗಿಸಿ, ಹೆಂಟೆ ಒಡೆದು, ಅಂಗುಲಕ್ಕೆ 80 ಕಣ್ಣಿನ ಜರಡಿ ಹಿಡಿದು ಕಳುಹಿಸುತ್ತಿದ್ದೆವು. ಇದೆಲ್ಲಕ್ಕಿಂತ ಮುಖ್ಯವಾದದ್ದು ಜೋಡಿ ಮಾದರಿ. ಪ್ರತಿ ಹುತ್ತದಿಂದ ಮೂವತ್ತು ಹೆಜ್ಜೆ ಆಚೆ, ಮಳೆಗೆ ಹುತ್ತ ಕರಗಿ ಹರಡಿದ ಮಣ್ಣಿನ ಸೆರಗನ್ನು ದಾಟಿ, ಒಂದು ಅಡಿ ಆಳದ ಸಾಧಾರಣ ಮಣ್ಣನ್ನೂ ಅದೇ ಸಂಖ್ಯೆಯ ಎರಡನೆಯ ಚೀಲಕ್ಕೆ ತುಂಬಬೇಕು. ಹುತ್ತದಲ್ಲಿ ಹೆಚ್ಚು, ಪಕ್ಕದ ಮಣ್ಣಿನಲ್ಲಿ ಕಡಿಮೆ ಎಂದಾಗಲೇ ಕೆಳಗಿನಿಂದ ಏನೋ ಬಂದಿದೆ ಎಂದು ಹೇಳಲು ಸಾಧ್ಯ. ಒಂಟಿ ಹುತ್ತದ ಅಂಕಿಯನ್ನು ನಾನು ನಂಬುವುದಿಲ್ಲ. ಚಿನ್ನದ ಜೊತೆ ಆರ್ಸೆನಿಕ್ ಅನ್ನೂ ಅಳೆಸುತ್ತಿದ್ದೆ. ಹಟ್ಟಿಯ ಅದಿರಿನಲ್ಲಿ ಆರ್ಸೆನೊಪೈರೈಟ್, ಅಂದರೆ ಆರ್ಸೆನಿಕ್, ಕಬ್ಬಿಣ, ಗಂಧಕ ಕೂಡಿದ ಖನಿಜ, ಚಿನ್ನದ ಸಂಗಾತಿ, ಮತ್ತು ಆರ್ಸೆನಿಕ್ ಮಣ್ಣಿನಲ್ಲಿ ಚಿನ್ನಕ್ಕಿಂತ ಹೆಚ್ಚು ಸಮವಾಗಿ ಹರಡಿಕೊಳ್ಳುತ್ತದೆ.

ಈ ಜೋಡಿ ಮಾದರಿಯ ಪಾಠವನ್ನು ನಾನು ಕಲಿತದ್ದು ಒಂದು ತಪ್ಪಿನಿಂದ. ಮೊದಲ ವರ್ಷ ಹುತ್ತದ ಮಣ್ಣನ್ನಷ್ಟೇ ತೆಗೆದಿದ್ದೆವು. ಒಂದು ಹುತ್ತದ ಅಂಕಿ ಉಳಿದವಕ್ಕಿಂತ ಹತ್ತಾರು ಪಟ್ಟು ಹೆಚ್ಚಾಗಿ ಬಂತು. ನಾನು ರಾತ್ರಿ ನಿದ್ದೆ ಮಾಡಲಿಲ್ಲ. ಮರುದಿನವೇ ಆಳುಗಳನ್ನು ಕರೆದುಕೊಂಡು ಗುದ್ದಲಿ, ಹಾರೆಗಳೊಂದಿಗೆ ಅಲ್ಲಿಗೆ ಹೋದೆ. ಹೊಲದ ಯಜಮಾನರು ಬೇವಿನ ಮರದ ಕೆಳಗೆ ಕುಳಿತಿದ್ದವರು ಎದ್ದು ಬಂದರು. ಮೊದಲು ಪಕ್ಕದ ದೊಡ್ಡ ಹುತ್ತವನ್ನು ತೋರಿಸಿ, "ಅದಕ್ಕ ಮಾತ್ರ ಕೈ ಹಚ್ಚಬ್ಯಾಡ್ರಿ ಸಾಹೇಬ್ರ, ಪಂಚಮಿಗೆ ನಮ್ಮ ಮನಿ ಹೆಣ್ಮಕ್ಕಳು ಹಾಲು ಎರೀತಾರ" ಎಂದರು. ಆಗಲಿ ಯಜಮಾನರೇ, ಅದನ್ನು ಮುಟ್ಟುವುದಿಲ್ಲ ಎಂದೆ. ನಾವು ಅಗೆಯಲು ಹೊರಟಿದ್ದ ಜಾಗವನ್ನು ನೋಡಿ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಈ ದಿಬ್ಬ ಹುಟ್ಟಿದ್ದಲ್ರಿ, ಯಾರೋ ಹಾಕಿದ್ದು" ಎಂದರು. ಇಪ್ಪತ್ತು ಹೆಜ್ಜೆ ಆಚೆ ಕರೆದೊಯ್ದು, ಹುಲ್ಲು ಸರಿಸಿ, ಒಂದು ಕಲ್ಲುಬಂಡೆಯ ಮೇಲೆ ಬಟ್ಟಲಿನಂತೆ ಸವೆದ ಕುಳಿಗಳನ್ನು ತೋರಿಸಿದರು. ಅದಿರನ್ನು ಕೈಯಿಂದ ಅರೆದ ಕುಳಿಗಳವು. ನನ್ನ ಹುತ್ತ ನಿಂತಿದ್ದದ್ದು ಪುರಾತನರು ಅರೆದು ತೊಳೆದು ಸುರಿದ ಪುಡಿಯ ಗುಡ್ಡೆಯ ಮೇಲೆ.

ಆ ಪ್ರದೇಶದಲ್ಲಿ ಕೆಲಸ ಮಾಡುವವನು ಇದನ್ನು ಮೊದಲೇ ಯೋಚಿಸಬೇಕಿತ್ತು. ಮಸ್ಕಿಯ ಅಶೋಕನ ಶಾಸನವನ್ನು 1915ರಲ್ಲಿ ಕಂಡುಹಿಡಿದ ಸಿ. ಬೀಡನ್ ಕೂಡ ಚಿನ್ನದ ಗಣಿಯ ಎಂಜಿನಿಯರೇ ಆಗಿದ್ದರು. ಅಷ್ಟು ಹಳೆಯ ನೆಲ ಅದು, ಪುರಾತನ ಗಣಿಗಳ ಕುರುಹು ಅಲ್ಲಿ ಎಲ್ಲೆಡೆ ಇವೆ. ಅಂದಿನಿಂದ ನಾನು ಮಾದರಿ ತೆಗೆಯುವ ಮೊದಲು ಹೊಲದವರನ್ನು ಮೂರು ಪ್ರಶ್ನೆ ಕೇಳುತ್ತಿದ್ದೆ: ಇಲ್ಲಿ ಪೂಜೆ ನಡೆಯುತ್ತದೆಯೇ, ಇಲ್ಲಿಗೆ ಹೊರಗಿನ ಮಣ್ಣು ಬಿದ್ದಿದೆಯೇ, ಮಳೆಗಾಲದಲ್ಲಿ ಹಳ್ಳದ ನೀರು ಇಲ್ಲಿಗೆ ಬರುತ್ತದೆಯೇ. ಹಳ್ಳದ ಮೆಕ್ಕಲಿನ ಮೇಲೆ ಕಟ್ಟಿದ ಹುತ್ತ ತನ್ನ ಕೆಳಗಿನ ಕಲ್ಲಿನ ಸುದ್ದಿಯನ್ನಲ್ಲ, ಮೇಲಿನ ಊರಿನ ಕಲ್ಲಿನ ಸುದ್ದಿಯನ್ನು ಹೇಳುತ್ತದೆ.

ಇನ್ನೊಂದು ಮಾತನ್ನೂ ಹೇಳಬೇಕು. ಹುತ್ತ ಕಂಡಲ್ಲೆಲ್ಲ ಯಾರು ಬೇಕಾದರೂ ಮಣ್ಣು ತೆಗೆದು ಚಿನ್ನ ಅರಸುವಂತಿಲ್ಲ. 1957ರ ಗಣಿ ಮತ್ತು ಖನಿಜ ಕಾಯ್ದೆಯಡಿ ಅನ್ವೇಷಣೆಗೆ ಅನುಮತಿ ಬೇಕು, ಅರಣ್ಯದ ಒಳಗೆ ನಿಯಮಗಳು ಇನ್ನೂ ಬಿಗಿಯಾಗಿವೆ.

ಮೂರನೆಯ ವರ್ಷ ಮಸಾರಿ ನೆಲದ ಒಂದು ಇಳಿಜಾರಿನಲ್ಲಿ ಐದು ಹುತ್ತಗಳು ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿ ಸಿಕ್ಕವು. ಯಾವುದರ ಅಂಕಿಯೂ ಬೆರಗುಗೊಳಿಸುವಂತಿರಲಿಲ್ಲ, ಆದರೆ ಐದರಲ್ಲೂ ಹುತ್ತದ ಮಣ್ಣು ಪಕ್ಕದ ಮಣ್ಣಿಗಿಂತ ಮೂರು ನಾಲ್ಕು ಪಟ್ಟು ಮೇಲಿತ್ತು, ಆರ್ಸೆನಿಕ್ ಕೂಡ ಹಾಗೆಯೇ ಏರಿತ್ತು, ಸಾಲಿನ ದಿಕ್ಕು ಶಿಲಾಪಟ್ಟಿಯ ದಿಕ್ಕಿಗೆ ಹೊಂದಿತ್ತು. ಸುತ್ತ ಹಳೆಯ ಗುಡ್ಡೆಯಾಗಲಿ ಅರೆದ ಕುಳಿಯಾಗಲಿ ಇಲ್ಲವೆಂದು ಎರಡು ದಿನ ತಿರುಗಿ ಖಚಿತಪಡಿಸಿಕೊಂಡೆವು. ಎರಡನೆಯ ಮತ್ತು ಮೂರನೆಯ ಹುತ್ತಗಳ ನಡುವೆ ಸಾಲಿಗೆ ಅಡ್ಡಲಾಗಿ ಕಂದಕ ತೆಗೆಸಿದೆವು. ಏಳು ಅಡಿಯವರೆಗೆ ಬರೀ ಕೆಂಪು ಮಣ್ಣು ಮತ್ತು ಕೊಳೆತ ಕಲ್ಲು. ಅದರ ಕೆಳಗೆ ಗಟ್ಟಿ ಶಿಲೆಯಲ್ಲಿ ಅಂಗೈ ಅಗಲದ ಬೆಣಚುಕಲ್ಲಿನ ಎಳೆ ಬಂತು. ಒಂದು ತುಂಡನ್ನು ಎತ್ತಿ ಸುತ್ತಿಗೆಯಿಂದ ಬಲವಾಗಿ ಹೊಡೆದಾಗ, ಒಡೆದ ಮೈಯಿಂದ ಬೆಳ್ಳುಳ್ಳಿಯ ವಾಸನೆ ಬಂತು. ಆರ್ಸೆನೊಪೈರೈಟ್ ಒಡೆದಾಗ ಬರುವ ವಾಸನೆ ಅದು. ನಾವು ಆ ತುಂಡಿಗೆ ಸಂಖ್ಯೆ ಬರೆದು ಚೀಲಕ್ಕೆ ಹಾಕಿ, ನಾಲ್ಕನೆಯ ಹುತ್ತದ ಕಡೆಗೆ ಎರಡನೆಯ ಕಂದಕದ ಗುರುತು ಹಾಕಲು ಹೊರಟೆವು.