ಪಂಚಾಯ್ತಿ ಗೋಡೆಗೆ ನೀರಿನ ಅಂಕಿ ಹಚ್ಚಲು ನಾವು ಪಟ್ಟ ಪಾಡು

ಯಾದಗಿರಿ ಜಿಲ್ಲೆಯ ಸುರಪುರ ಕಡೆ ಕೊಳವೆ ಬಾವಿ ನೀರಿನಲ್ಲಿ ಫ್ಲೋರೈಡ್ ಇದೆ ಅನ್ನೋದು ಹೊಸ ಸುದ್ದಿ ಏನಲ್ಲ. ನೀರಿನ ಪರೀಕ್ಷೆ ನಡೆಯುತ್ತದೆ, ಅಂಕಿಗಳು ಸರ್ಕಾರದ ಹತ್ತಿರ ಇವೆ. ಆದರೆ "ನಮ್ಮೂರ ಬೋರಿನ ನೀರು ಮಕ್ಕಳಿಗೆ ಕೊಡಬಹುದಾ" ಅಂತ ಒಬ್ಬ ತಾಯಿ ಕೇಳಿದರೆ ಅವಳ ಕೈಗೆ ಕೊಡಲು ಒಂದು ಹಾಳೆ ಸಿಗುವುದಿಲ್ಲ. ನಮ್ಮದು ಸಣ್ಣ ಸಂಘ. ಸಂಬಳಕ್ಕೆ ದುಡಿಯುವವರು ಯಾರೂ ಇಲ್ಲ, ವಕೀಲರಂತೂ ಇಲ್ಲವೇ ಇಲ್ಲ. ಊರೂರಿನ ಫಲಿತಾಂಶವನ್ನು ದೊಡ್ಡ ಅಕ್ಷರದಲ್ಲಿ ಬರೆದು ಪಂಚಾಯ್ತಿ ಗೋಡೆಗೆ ಹಚ್ಚೋಣ ಅಂತ ಹೊರಟೆವು. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಹಸಿರು, 1.5 ತನಕ ಹಳದಿ, ಅದನ್ನು ದಾಟಿದರೆ ಕೆಂಪು. ಇದು ಭಾರತೀಯ ಮಾನಕ ಬ್ಯೂರೋ ಹಾಕಿದ ಮಿತಿ. ಬೇರೆ ನೀರೇ ಇಲ್ಲ ಅಂದಾಗ ಮಾತ್ರ 1.5 ತನಕ ನಡೆಯುತ್ತದೆ.

ಸರಳ ಕೆಲಸ ಅಲ್ವಾ? ಆದರೆ ನಮ್ಮ ಹೊತ್ತು ಜಾಸ್ತಿ ಹೋದದ್ದು ನೀರಿನ ಮೇಲಲ್ಲ. "ಇದನ್ನ ನಾವು ಛಾಪಿಸಬಹುದಾ" ಅನ್ನೋ ಪ್ರಶ್ನೆ ಮೇಲೆ.

ಸರ್ಕಾರದ ಮಾಹಿತಿ ಅಂದರೆ ಎಲ್ಲರದ್ದು ಅಂತ ಬಹಳ ಜನ ತಿಳಿದಿದ್ದಾರೆ. 1957ರ ಹಕ್ಕುಸ್ವಾಮ್ಯ (ಕಾಪಿರೈಟ್) ಕಾಯ್ದೆ ಹಾಗೆ ಹೇಳುವುದಿಲ್ಲ. ಸರ್ಕಾರದ ವರದಿ, ನಕ್ಷೆಗಳಿಗೂ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ, ಗೆಜೆಟ್‌ನಲ್ಲಿ ಬಂದಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಹಾಗಾಗಿ ಪುಟದಲ್ಲಿ ಲೈಸೆನ್ಸ್ (ಬಳಕೆಯ ಅನುಮತಿ) ಬಗ್ಗೆ ಏನೂ ಬರೆದಿಲ್ಲ ಅಂದರೆ ಬಳಸಬಹುದು ಅಂತ ಅರ್ಥ ಅಲ್ಲ. ಕೆಲವು ಸರ್ಕಾರಿ ಜಾಲತಾಣಗಳಲ್ಲಿ "ಉಚಿತವಾಗಿ ಮರುಮುದ್ರಿಸಬಹುದು" ಅಂತ ಇರುತ್ತದೆ, ಇನ್ನು ಕೆಲವದರಲ್ಲಿ "ಮೇಲ್ ಕಳಿಸಿ ಅನುಮತಿ ಪಡೆದು ಮರುಮುದ್ರಿಸಬಹುದು" ಅಂತ. ಆ ಮೇಲ್‌ಗೆ ಉತ್ತರ ಬರಬೇಕಲ್ಲ! ನಾವು ಹೋದ ಒಂದು ಕಚೇರಿಯಲ್ಲಿ ಪಾಪ ಒಳ್ಳೆಯ ಮನುಷ್ಯರೇ ಇದ್ದರು, "ನೋಡ್ಕೋರಿ, ಆದ್ರ ಛಾಪಿಸಬ್ಯಾಡ್ರಿ" ಅಂದರು. ಯಾಕೆ ಅಂತ ಅವರಿಗೂ ಗೊತ್ತಿರಲಿಲ್ಲ.

ಇಲಾಖೆಗಳ ಅಂಕಿಅಂಶವನ್ನು ಎಲ್ಲರಿಗೂ ತೆರೆದಿಡುವ ಕೇಂದ್ರದ ಮುಕ್ತ ಮಾಹಿತಿ ಪೋರ್ಟಲ್ 2012ರಲ್ಲೇ ಶುರುವಾಯಿತು, ಅದಕ್ಕೊಂದು ಲೈಸೆನ್ಸ್ ಬಂದದ್ದು 2017ರಲ್ಲಿ. ಲೈಸೆನ್ಸ್ ಚೆನ್ನಾಗಿದೆ. ಮೂಲ ಹೇಳಿದರೆ ಸಾಕು, ಬಳಸಬಹುದು, ಬದಲಿಸಬಹುದು, ಹಂಚಬಹುದು. ಆದರೆ ಅದರಲ್ಲಿ ಯಾವುದಕ್ಕೆ ಅನ್ವಯಿಸದು ಅನ್ನೋ ಪಟ್ಟಿ ಓದಿ. ವೈಯಕ್ತಿಕ ಮಾಹಿತಿಗೆ ಅನ್ವಯಿಸದು, ಅದು ನ್ಯಾಯ. ಮಾಹಿತಿ ಹಕ್ಕು ಕಾಯ್ದೆಯ (ಆರ್‌ಟಿಐ) 8ನೇ ಕಲಂ ಪ್ರಕಾರ ಹೊರಗೆ ಬಿಡಬಾರದಿತ್ತು ಅನ್ನುವಂಥ ಮಾಹಿತಿಗೂ ಅನ್ವಯಿಸದಂತೆ. ಅಂದರೆ ಇಲಾಖೆಯೇ ಹಾಕಿದ ಫೈಲನ್ನು ಅವರು ಹಾಕಬೇಕಿತ್ತೋ ಇಲ್ಲವೋ ಅಂತ ನಾವು ತೂಗಿ ನೋಡಬೇಕು. ದೊಡ್ಡ ಕಂಪನಿಗೆ ಇದು ವಕೀಲರಿಗೆ ದಾಟಿಸುವ ಒಂದು ಕಾಗದ. ನಮಗೆ ಇದೇ ದೊಡ್ಡ ಗೋಡೆ.

ಕೊನೆಗೆ ಮಾಹಿತಿ ಹಕ್ಕಿನ ದಾರಿ ಹಿಡಿದೆವು. ಫೀ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ದಾಟಬಾರದು, ಇದನ್ನು ನೆನಪಿಡಿ. ಇನ್ನೂ ಒಂದು ಮಾತು. ಮಾಹಿತಿ ಕಂಪ್ಯೂಟರಿನಲ್ಲಿದ್ದರೆ ಅದೇ ರೂಪದಲ್ಲಿ ಕೇಳುವ ಹಕ್ಕಿದೆ, "ಎಕ್ಸೆಲ್ ಫೈಲ್ ಕೊಡಿ" ಅಂತ ಅರ್ಜಿಯಲ್ಲೇ ಬರೆಯಿರಿ. ಇಲ್ಲದಿದ್ದರೆ ಝೆರಾಕ್ಸ್ ಕಟ್ಟು ಬರುತ್ತದೆ, ಪುಟಕ್ಕೆ 2 ರೂಪಾಯಿ. "ಇದು ಸರ್ಕಾರದ ಹಕ್ಕುಸ್ವಾಮ್ಯ, ಕೊಡಲ್ಲ" ಅನ್ನಲು ಬರುವುದಿಲ್ಲ. 9ನೇ ಕಲಂ ನೋಡಿ, ಸರ್ಕಾರವಲ್ಲದ ಬೇರೆಯವರ ಹಕ್ಕುಸ್ವಾಮ್ಯ ಇದ್ದಾಗ ಮಾತ್ರ ಆ ಕಾರಣಕ್ಕೆ ತಿರಸ್ಕರಿಸಬಹುದು.

ಸಿಕ್ಕ ಮೇಲೆ ಛಾಪಿಸುವ ಪ್ರಶ್ನೆ ಮತ್ತೆ ಎದುರಿಗೆ ಬಂತು. ಇಲ್ಲಿ ನಮ್ಮ ಕೈ ಹಿಡಿದದ್ದು ಮಾಹಿತಿ ಹಕ್ಕು ಕಾಯ್ದೆಯದೇ 4ನೇ ಕಲಂ. ಕಚೇರಿಗಳು ಯಾರೂ ಕೇಳದೆಯೇ ಮಾಹಿತಿ ಪ್ರಕಟಿಸಬೇಕು, ಸ್ಥಳೀಯ ಭಾಷೆಯಲ್ಲಿ, ಆ ಊರಿಗೆ ತಕ್ಕ ರೀತಿಯಲ್ಲಿ ಜನರಿಗೆ ಮುಟ್ಟಿಸಬೇಕು ಅಂತ ಅಲ್ಲಿದೆ. ನೋಟಿಸ್ ಬೋರ್ಡಿನ ಮಾತೂ ಇದೆ. ಹಾಗಾದರೆ ನಾವು ಯಾಕೆ ಛಾಪಿಸಬೇಕು? ಪಂಚಾಯ್ತಿಯೇ ಹಚ್ಚಲಿ! ಹಾಳೆ ತಯಾರು ಮಾಡಿ ಪಿಡಿಒ ಅವರ ಹತ್ತಿರ ಹೋದೆವು, ಗ್ರಾಮ ಸಭೆಯಲ್ಲಿ ಓದಿದೆವು, ಪಂಚಾಯ್ತಿ ಸೀಲಿನೊಂದಿಗೆ ಗೋಡೆಗೆ ಬಂತು. ಫೋನಿನಲ್ಲಿ ಹಂಚುವ ಹಾಳೆಯನ್ನು ಮಾತ್ರ ನಾವೇ ಮಾಡಿದೆವು. ಬಿಡಿ ಅಂಕಿಗೆ ಹಕ್ಕುಸ್ವಾಮ್ಯ ಇಲ್ಲ, ಹಾಗಾಗಿ ಇಲಾಖೆಯ ಪಟ್ಟಿಯನ್ನು ಇದ್ದ ಹಾಗೇ ಎತ್ತಿ ಹಾಕದೆ, ಅಂಕಿ ಮಾತ್ರ ತೆಗೆದುಕೊಂಡು ನಮ್ಮದೇ ತಖ್ತೆ (ಕೋಷ್ಟಕ) ಕಟ್ಟಿದೆವು.

ಬೇರೆ ಬೇರೆ ಫೈಲುಗಳಲ್ಲಿರುವ ಊರಿನ ಹೆಸರು ಹೊಂದಿಸುವ ಕೆಲಸ ಬೇರೆ. 2011ರ ಜನಗಣತಿಯಲ್ಲಿ ಯಾದಗಿರಿಗೆ ಮೂರೇ ತಾಲೂಕು. ಹುಣಸಗಿ, ವಡಗೇರಾ, ಗುರುಮಠಕಲ್ ಆಮೇಲೆ ಬಂದವು, ಹಾಗಾಗಿ ಅಲ್ಲಿನ ಊರುಗಳು ಹಳೆ ಪಟ್ಟಿಯಲ್ಲಿ ಬೇರೆ ತಾಲೂಕಿನ ಕೆಳಗಿರುತ್ತವೆ. ಹಳೆ ಫೈಲ್ ನುಡಿ ಫಾಂಟಿನಲ್ಲಿದ್ದರೆ ಮೊದಲು ಯೂನಿಕೋಡ್‌ಗೆ (ಎಲ್ಲ ಕಂಪ್ಯೂಟರ್, ಫೋನಿನಲ್ಲೂ ಓದಲು ಬರುವ ಅಕ್ಷರ ರೂಪಕ್ಕೆ) ತಿರುಗಿಸಿ, ಆಮೇಲೆ ಹೆಸರಿನ ಬದಲು ಊರಿನ ಕೋಡ್ ಸಂಖ್ಯೆ ಹಿಡಿದು ಜೋಡಿಸಿ.

ಈಗ ಮೇಲಿನಿಂದ ಇನ್ನೊಂದು ಭಾರ ಬಂದಿದೆ. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆ ಕಾಯ್ದೆಗೆ 2025ರ ನವೆಂಬರಿನಲ್ಲಿ ನಿಯಮಗಳು ಬಂದವು. ಕಾಯ್ದೆ ಬೇಕು, ಬಡವರ ಮಾಹಿತಿಯೇ ಎಲ್ಲಕ್ಕಿಂತ ಸುಲಭವಾಗಿ ಸೋರುತ್ತದೆ. ಆದರೆ ದಂಡದ ಮಿತಿ 250 ಕೋಟಿ ತನಕ ಇದೆ, ಕೆಲವು ಕಲಂಗಳಿಂದ ವಿನಾಯಿತಿ ಕೊಡಬಹುದಾದವರಲ್ಲಿ ಸ್ಟಾರ್ಟ್‌ಅಪ್‌ಗಳ ಹೆಸರಿದೆ, ಸಣ್ಣ ಸಂಘಗಳ ಹೆಸರಿಲ್ಲ. ಅದೇ ಕಾಯ್ದೆ ಮಾಹಿತಿ ಹಕ್ಕಿನ 8ನೇ ಕಲಂ ಅನ್ನೂ ತಿದ್ದಿದೆ. ವೈಯಕ್ತಿಕ ಮಾಹಿತಿ ಅಂದ ತಕ್ಷಣ ಕೊಡಲ್ಲ ಅನ್ನೋದು ಈಗ ಸುಲಭ, ಸಾರ್ವಜನಿಕ ಹಿತಕ್ಕಾಗಿ ಕೇಳಲು ಅದೇ ಕಲಂನ ಉಪಕಲಂ 8(2) ಮಾತ್ರ ಉಳಿದಿದೆ. ಅದನ್ನು ಅರ್ಜಿಯಲ್ಲಿ ಹೆಸರಿಸಿಯೇ ಬರೆಯಿರಿ.

ಫ್ಲೋರೈಡ್ ಜಾಸ್ತಿಯಾದರೆ ಮಕ್ಕಳ ಹಲ್ಲಿನ ಮೇಲೆ ಕಲೆ ಬೀಳುತ್ತದೆ, ಅಂಥ ಮಕ್ಕಳ ವಿವರವನ್ನೂ ನಾವು ಬರೆಯುತ್ತೇವೆ. 18 ದಾಟದವರ ಮಾಹಿತಿಗೆ ತಂದೆತಾಯಿಯ ಒಪ್ಪಿಗೆ ಪಡೆದು, ಅದನ್ನು ಪರಿಶೀಲಿಸಿಯೂ ಇರಬೇಕು ಅಂತ ಕಾಯ್ದೆಯಲ್ಲಿದೆ. ಈ ಕಾಯ್ದೆ ಡಿಜಿಟಲ್ ಮಾಹಿತಿಗೆ ಮಾತ್ರ, ಹಾಗಾಗಿ ಹೆಸರುಗಳು ಕಾಗದದ ವಹಿಯಲ್ಲೇ ಇರುತ್ತವೆ, ಬೀಗದೊಳಗೆ. ಕಂಪ್ಯೂಟರಿಗೆ ಹೋಗುವುದು ಊರಿನ ಒಟ್ಟು ಲೆಕ್ಕ ಮಾತ್ರ. ತೀರಾ ಸಣ್ಣ ತಾಂಡಾ ಆದರೆ ಒಟ್ಟು ಲೆಕ್ಕದಿಂದಲೂ ಮಗು ಯಾರು ಅಂತ ಗೊತ್ತಾಗುತ್ತದೆ, ಅಂಥದ್ದನ್ನು ಪಕ್ಕದ ಊರಿನ ಜೊತೆ ಸೇರಿಸುತ್ತೇವೆ.

ಬೀದರ್, ಕಲಬುರಗಿ ಕಡೆಯವರು ಇಂಥ ಕೆಲಸಕ್ಕೆ ಇಳಿದರೆ ಮೊದಲ ದಿನದಿಂದಲೇ ಒಂದು ವಹಿ ಇಡಿ. ಪ್ರತಿ ಫೈಲ್ ಎಲ್ಲಿಂದ ಬಂತು, ಯಾವ ತಾರೀಖು, ಪುಟದಲ್ಲಿ ಲೈಸೆನ್ಸ್ ಸಾಲು ಏನಿತ್ತು, ಅದರ ಸ್ಕ್ರೀನ್‌ಶಾಟ್, ಆರ್‌ಟಿಐ ಅರ್ಜಿಯ ನಂಬರ್. ಪುಟಗಳು ಬದಲಾಗುತ್ತವೆ, ಅಧಿಕಾರಿಗಳು ವರ್ಗ ಆಗಿ ಹೋಗುತ್ತಾರೆ. ಹೊಸಬರು ಬಂದು ಇದನ್ನು ಎಲ್ಲಿಂದ ತಂದಿರಿ ಅಂತ ಕೇಳಿದಾಗ ಆ ವಹಿಯನ್ನೇ ಮುಂದೆ ಇಡುತ್ತೇವೆ.