ಐವತ್ತು ದಾಟಿದ ಮೇಲೆ ಕೆಲಸ ಹೋದರೆ: ಕಸುಬು ಕಲಿತವರು ಮಾಡಬೇಕಾದ್ದು

ಟರ್ನರ್, ಫಿಟ್ಟರ್, ವೆಲ್ಡರ್, ಎಲೆಕ್ಟ್ರಿಷಿಯನ್. ಇಂಥ ಕಸುಬು ಕಲಿತ ಹುಡುಗನಿಗೆ ಬೇಗ ಕೆಲಸ ಸಿಗುತ್ತದೆ. ಅದೇ ಮನುಷ್ಯ ಐವತ್ತು ದಾಟಿದ ಮೇಲೆ ಕೆಲಸ ಕಳೆದುಕೊಂಡರೆ ಮತ್ತೆ ಒಳಗೆ ಹೋಗುವುದು ಕಷ್ಟ. ಅರ್ಥಶಾಸ್ತ್ರಜ್ಞ ಎರಿಕ್ ಹನುಷೆಕ್ ಮತ್ತು ಜೊತೆಗಾರರು 11 ದೇಶಗಳ ಗಂಡಸರ ಮಾಹಿತಿ ಇಟ್ಟುಕೊಂಡು 2017ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದಕ್ಕೆ ಹತ್ತಿರದ ಮಾತು ಹೇಳಿತು: ಕಸುಬು ಕಲಿತವರಿಗೆ ಮೊದಲು ಕೆಲಸ ಬೇಗ ಸಿಕ್ಕರೂ, ವಯಸ್ಸಾದಂತೆ ಸಾಮಾನ್ಯ ಓದು ಓದಿದವರಿಗಿಂತ ಅವರು ಕೆಲಸದಲ್ಲಿರುವುದು ಕಡಿಮೆ. ಅಪ್ರೆಂಟಿಸ್ ಪದ್ಧತಿ ಬಲವಾಗಿರುವ ಜರ್ಮನಿ, ಡೆನ್ಮಾರ್ಕ್, ಸ್ವಿಟ್ಜರ್ಲೆಂಡ್‌ಗಳಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ಯಂತ್ರಗಳು ಬದಲಾಗುತ್ತವೆ, ಕಲಿತದ್ದು ಹಳೆಯದಾಗುತ್ತದೆ.

ಹಾಗಂತ ಇಡೀ ಕಸುಬು ಹಳತಾಯಿತು ಅಂತಲ್ಲ. ಬಹುಪಾಲು ಇವತ್ತಿಗೂ ಬೇಕಾದದ್ದೇ. ಅದನ್ನು ಬಿಡಿಸಿ ತೋರಿಸಬೇಕು, ಅಷ್ಟೇ.

ಮೊದಲು ಸರ್ಟಿಫಿಕೇಟ್ ತೆಗೆದು ನೋಡಿ. ಇದನ್ನು ಮುಂದೂಡಬೇಡಿ. ವೆಲ್ಡರ್‌ಗಳಿಗಂತೂ ಇದು ತುಂಬಾ ಮುಖ್ಯ. ಚಾಲ್ತಿಯಲ್ಲಿರುವ ದೊಡ್ಡ ಮಾನದಂಡಗಳ ಪ್ರಕಾರ, ಒಂದು ವಿಧಾನದಲ್ಲಿ 6 ತಿಂಗಳು ವೆಲ್ಡಿಂಗ್ ಮಾಡದಿದ್ದರೆ ಆ ಅರ್ಹತೆ ತಪ್ಪಿಹೋಗುತ್ತದೆ. ಅವಧಿ ಮುಗಿಯುವ ಮುಂಚೆ ನಾಲ್ಕು ದಿನದ ಸಣ್ಣ ಕೆಲಸ ಸಿಕ್ಕರೂ ಮಾಡಿ, ಮಾಡಿದ್ದಕ್ಕೆ ಮೇಲ್ವಿಚಾರಕರ ಸಹಿ ಹಾಕಿಸಿಕೊಳ್ಳಿ.

ಆಮೇಲೆ ಗೊತ್ತಿರುವುದನ್ನು ಬರೆಯಿರಿ. ಹುದ್ದೆಯ ಹೆಸರಲ್ಲ, ಮಾಡುವ ಕೆಲಸ. ಡ್ರಾಯಿಂಗ್ ಓದುತ್ತೀರಾ? ಮೈಕ್ರೋಮೀಟರ್‌ನಲ್ಲಿ 0.01 ಮಿಲಿಮೀಟರ್‌ವರೆಗೆ ಅಳೆಯುತ್ತೀರಾ? ಸದ್ದು ಕೇಳಿಯೇ ಬೇರಿಂಗ್ ಹೋಗಿದೆ ಅಂತ ಹೇಳುತ್ತೀರಾ? ಎಲ್ಲವನ್ನೂ ಬರೆಯಿರಿ. "ಇದೇನು ಮಹಾ" ಅಂತ ಬಿಟ್ಟದ್ದೇ ಎಷ್ಟೋ ಸಲ ಎದುರಿನವರಿಗೆ ಬೇಕಾಗಿರುತ್ತದೆ.

ಹೊಸದು ಒಂದನ್ನೇ ಕಲಿಯಿರಿ, ಹಳೆಯದಕ್ಕೆ ಅಂಟಿಕೊಂಡಿರುವುದನ್ನು. ಸುಮ್ನೆ ವರ್ಷಗಟ್ಟಲೆಯ ಕೋರ್ಸಿಗೆ ಸೇರುವುದು ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಟರ್ನರ್ ಆಗಿದ್ದವರು ಸಿಎನ್‌ಸಿ ನೋಡಿ, ಅಂದರೆ ಕಂಪ್ಯೂಟರ್ ಆದೇಶದಿಂದ ನಡೆಯುವ ಯಂತ್ರ. ಅದಕ್ಕೆ ಕೊಡುವ ಆದೇಶಗಳಲ್ಲಿ ಜಿ00 ಅಂದರೆ ಟೂಲ್ ವೇಗವಾಗಿ ಜಾಗಕ್ಕೆ ಹೋಗುವುದು, ಜಿ01 ಅಂದರೆ ಫೀಡ್ ಕೊಟ್ಟು ನೇರವಾಗಿ ಕತ್ತರಿಸುವುದು, ಜಿ02 ಮತ್ತು ಜಿ03 ಅಂದರೆ ಕಮಾನಿನಂತೆ ತಿರುಗುವುದು. ಹ್ಯಾಂಡಲ್ ತಿರುಗಿಸಿ ಇಷ್ಟು ದಿನ ಮಾಡಿದ್ದು ಇದನ್ನೇ ಅಲ್ವಾ? ಹೈಸ್ಪೀಡ್ ಸ್ಟೀಲ್ ಟೂಲ್‌ನಲ್ಲಿ ಉಕ್ಕಿನ ಸಿಪ್ಪೆ ನೀಲಿಗೆ ತಿರುಗಿದರೆ ವೇಗ ಜಾಸ್ತಿ ಆಯಿತು ಅಂತ ನಿಮಗೆ ಗೊತ್ತು. ಕಾರ್ಬೈಡ್ ಟೂಲ್‌ನಲ್ಲಿ ಅದೇ ನೀಲಿ ಸಹಜ. ಕಲಿಯಬೇಕಾದ ಹೊಸತು ಹೀಗೆ ಹಳೆಯದರ ಪಕ್ಕದಲ್ಲೇ ಇರುತ್ತದೆ.

ಎಲೆಕ್ಟ್ರಿಷಿಯನ್‌ಗಳಿಗೆ ಪಿಎಲ್‌ಸಿ, ಅಂದರೆ ಯಂತ್ರಗಳನ್ನು ನಿಯಂತ್ರಿಸುವ ಸಣ್ಣ ಕಂಪ್ಯೂಟರ್. ಅದಕ್ಕೆ ಪ್ರೋಗ್ರಾಂ ಬರೆಯುವ ಲ್ಯಾಡರ್ ಭಾಷೆಯನ್ನು ಮಾಡಿದ್ದೇ ರಿಲೇ ಸರ್ಕ್ಯೂಟ್ ಚಿತ್ರದ ಹಾಗೆ, ರಿಲೇ ಪ್ಯಾನೆಲ್ ಗೊತ್ತಿದ್ದವರಿಗೆ ಸುಲಭವಾಗಲಿ ಅಂತ.

ಅರ್ಜಿ ಒಂದೇ ಪುಟ ಇರಲಿ. ಮೇಲ್ಗಡೆ ಮಾಡಬಲ್ಲ ಕೆಲಸಗಳು, ಕೆಳಗೆ ಇತ್ತೀಚಿನ ಕೆಲಸಗಳು. ವಯಸ್ಸು ಕೇಳಿದರೆ ಸುಳ್ಳು ಬೇಡ.

ಕೆಲಸ ಹೋಗಿದೆ ಅಂತ ಹಳೇ ಜೊತೆಗಾರರಿಗೆ ಹೇಳಿ. ಗಂಡಸರು ಇಲ್ಲೇ ಎಡವುತ್ತಾರೆ. ಮರ್ಯಾದೆಗೆ ಅಂಜಿ ತಿಂಗಳುಗಟ್ಟಲೆ ಬಾಯಿ ಬಿಡುವುದಿಲ್ಲ. ಯಾವ ಶಾಪ್‌ನಲ್ಲಿ ಜನ ಬೇಕು ಅನ್ನುವುದು ಜಾಹೀರಾತಿಗಿಂತ ಮೊದಲು ಗೊತ್ತಾಗುವುದು ಅವರಿಗೇ. ಮೆಂಟೆನೆನ್ಸ್, ತಪಾಸಣೆ, ಹುಡುಗರಿಗೆ ತರಬೇತಿ, ಈ ಮೂರನ್ನೂ ವಿಚಾರಿಸಿ. ಅನುಭವಕ್ಕೆ ಬೆಲೆ ಇರುವ ಜಾಗಗಳಿವು.

ಸಂದರ್ಶನದಲ್ಲಿ ಮಾತು ಬೆಳೆಸುವ ಬದಲು ಟ್ರೇಡ್ ಟೆಸ್ಟ್, ಅಂದರೆ ಕೆಲಸ ಮಾಡಿ ತೋರಿಸುವ ಪರೀಕ್ಷೆ, ಕೊಡಿ ಅಂತ ನೀವೇ ಕೇಳಿ. ಕೊಟ್ಟರೆ ಮೊದಲು ಡ್ರಾಯಿಂಗ್ ಪೂರ್ತಿ ಓದಿ, ಟಾಲರೆನ್ಸ್ (ಅಳತೆಯಲ್ಲಿ ಎಷ್ಟು ಹೆಚ್ಚುಕಡಿಮೆ ಆಗಬಹುದು ಅನ್ನುವುದು) ನೋಡಿ, ಅನುಮಾನವಿದ್ದರೆ ಕೇಳಿ, ಆಮೇಲೆ ಯಂತ್ರ ಮುಟ್ಟಿ.